ಹೊಸ ಲೈಸೆನ್ಸ್ ಬಂದ ಮಗಳಿಗೆ ಕಾರಿನ ಕೀ ಕೊಡುವ ಮುಂಚೆ

ಪ್ರಶ್ನೆ: ಮಗಳಿಗೆ 18 ತುಂಬಿ ಲೈಸೆನ್ಸ್ ಬಂದಿದೆ. ಒಬ್ಬಳೇ ಕಾರು ಓಡಿಸುತ್ತೇನೆ ಅನ್ನುತ್ತಾಳೆ. ಬೇಡ ಅನ್ನಲು ಮನಸ್ಸಿಲ್ಲ, ಕೀ ಕೊಡಲು ಧೈರ್ಯ ಇಲ್ಲ. ನಿಮ್ಮ ಮನೆಗಳಲ್ಲಿ ಯಾವ ನಿಯಮ ಇಟ್ಟಿದ್ದೀರಿ?

ಒಬ್ಬ ತಾಯಿ: ನನ್ನ ಮಗನಿಗೆ ಲೈಸೆನ್ಸ್ ಬಂದು ಎರಡು ವರ್ಷ ಆಯಿತು. ಜೋರಾಗಿ ಹೋಗಬೇಡ, ರಾತ್ರಿ ಓಡಿಸಬೇಡ ಅಂತ ಹೇಳಿದ್ದೆವು. ಫ್ರೆಂಡ್ಸ್ ಬಗ್ಗೆ ಮಾತೇ ಆಡಿರಲಿಲ್ಲ. ತಪ್ಪಿದ್ದು ಅಲ್ಲೇ. ಮೂರನೇ ವಾರ, ಹಾಡುಹಗಲು, ಗೊತ್ತಿರುವ ರಸ್ತೆ, ಕಾರು ತುಂಬ ಗೆಳೆಯರು. ಹಿಂದಿನ ಸೀಟಿನಿಂದ ಯಾರೋ ಕರೆದರು, ಇವನು ತಿರುಗಿದ. ಅಷ್ಟರಲ್ಲಿ ಕಾರು ಡಿವೈಡರ್ ಹತ್ತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅವನ ಕೈ ನಡುಕ ಸಂಜೆಯವರೆಗೂ ನಿಲ್ಲಲಿಲ್ಲ, ನನ್ನದೂ.

ಆಮೇಲೆ ಹುಡುಕಿ ಓದಿದೆ. ನ್ಯೂಜಿಲೆಂಡ್ 1987ರಲ್ಲೇ ಹಂತ ಹಂತದ ಲೈಸೆನ್ಸ್ ತಂದಿದೆ. ಅಲ್ಲಿ ಎರಡನೇ ಹಂತದಲ್ಲಿ ಇರುವವರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ. ಪಕ್ಕದಲ್ಲಿ ಅನುಭವಸ್ಥರು ಇಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತೆಯೂ ಇಲ್ಲ. ಕಾರಿನಲ್ಲಿ ಓರಗೆಯವರು ಜಾಸ್ತಿ ಆದಷ್ಟೂ ಅಪಾಯ ಏರುತ್ತದೆ, ಅದಕ್ಕೇ ಈ ನಿಯಮ.

ನಮ್ಮ ಮನೆಯಲ್ಲೂ ಹಾಗೇ ಮಾಡಿದೆವು. ಮೊದಲ ಮೂರು ತಿಂಗಳು ಮನೆಯವರು ಬಿಟ್ಟು ಯಾರೂ ಹತ್ತುವಂತಿಲ್ಲ. ಆಮೇಲೆ ಒಬ್ಬ ಗೆಳೆಯ, ಅವನೂ ಬೆಲ್ಟ್ ಹಾಕಿದರೆ ಮಾತ್ರ. ಕತ್ತಲಲ್ಲಿ ಮತ್ತು ಮಳೆಯಲ್ಲಿ ಓಡಿಸಬಹುದು, ಆದರೆ ನಾನು ಪಕ್ಕದಲ್ಲಿ ಇರಬೇಕು. ಸುಮ್ನೆ ಬೇಡ ಅಂದರೆ ಕಲಿಯುವುದು ಯಾವಾಗ ಅಲ್ವಾ? ಎದುರಿನ ಗಾಡಿಯ ಲೈಟ್ ಕಣ್ಣಿಗೆ ಹೊಡೆದಾಗ ರಸ್ತೆಯಲ್ಲಿ ತನ್ನ ಬದಿಯ ಅಂಚು ನೋಡಬೇಕು ಅನ್ನುವುದನ್ನು ಅವನು ಕಲಿತದ್ದು ಹಾಗೇ.

ಲೈಸೆನ್ಸ್ ಪಡೆದು ಒಂದು ವರ್ಷ ಆದವಳು: ಆಂಟಿ, ಮಗಳ ಕಡೆಯಿಂದ ಒಂದು ಮಾತು. ಅವಳು ಕಾರಿನಲ್ಲಿ ಇರುವಾಗ ನೀವೇ ಫೋನ್ ಮಾಡಬೇಡಿ. "ಎಲ್ಲಿದ್ದೀಯಾ?" ಅಂತ ಅಮ್ಮ ಮಾಡುತ್ತಿದ್ದ ಕರೆಗೇ ನಾನು ಜಾಸ್ತಿ ಸಲ ಫೋನ್ ಎತ್ತುತ್ತಿದ್ದೆ. ಈಗ ಹೊರಡುವಾಗ ಒಂದು ಮೆಸೇಜ್, ತಲುಪಿ ಕಾರು ನಿಲ್ಲಿಸಿದ ಮೇಲೆ ಇನ್ನೊಂದು. ಅಪ್ಪ ಇನ್ನೊಂದು ಮಾತು ಕೊಟ್ಟಿದ್ದರು. ಸುಸ್ತಾಗಿದ್ದರೆ, ಭಯವಾದರೆ ಎಷ್ಟು ಹೊತ್ತಿಗಾದರೂ ಕರೆ, ಬರುತ್ತೇನೆ, ಬೈಯುವುದಿಲ್ಲ ಅಂತ. ಒಮ್ಮೆ ತುಂಬಾ ತಡವಾಗಿ ಕರೆದೆ. ಬಂದರು. ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ.

ಡ್ರೈವಿಂಗ್ ಕಲಿಸುವವರು: ಫೋನ್ ಬಗ್ಗೆ ಮೇಲಿನವರು ಹೇಳಿದ್ದು ನಿಜ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರ್‌ಗಿಂತ ಹೆಚ್ಚು ದೂರ ಹೋಗುತ್ತದೆ. ಎರಡು ಸೆಕೆಂಡು ತಲೆ ಬಗ್ಗಿಸಿದರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಜಪಾನಿನಲ್ಲಿ ಲೈಸೆನ್ಸ್ ಸಿಕ್ಕ ಮೇಲೂ ಒಂದು ವರ್ಷ ಹೊಸಬರು ಅನ್ನುವ ಹಸಿರು-ಹಳದಿ ಗುರುತು ಅಂಟಿಸಲೇಬೇಕು. ಕಾರಿಗೆ ಅಂಥ ಗುರುತು ಅಂಟಿಸಲು ನಾಚಿಕೆ ಪಡುವ ಮಕ್ಕಳಿಗೆ ಇದನ್ನು ಹೇಳುತ್ತೇನೆ.

ಮೇಡಂ, ನಿಯಮ ಯಾವಾಗ ಸಡಿಲವಾಗುತ್ತದೆ ಅನ್ನುವ ತಾರೀಖನ್ನು ಮೊದಲೇ ಬರೆದು ಮಗಳ ಕೈಗೆ ಕೊಡಿ. ಕೊನೆ ಗೊತ್ತಿದ್ದರೆ ಮಕ್ಕಳು ಜಗಳ ಆಡುವುದು ಕಡಿಮೆ.