ತುರ್ತು ಚಿಕಿತ್ಸೆಯಲ್ಲಿ ಮೂಲನಿವಾಸಿ ರೋಗಿಗಳು: ಸಿಮ್ಯುಲೇಷನ್ ತರಬೇತಿಯಲ್ಲಿ ಏನನ್ನು ಅಭ್ಯಾಸ ಮಾಡಿಸಬೇಕು?

ಪ್ರಶ್ನೆ

ನಾನು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ತುರ್ತು ವಿಭಾಗದ ನರ್ಸ್. ಮೂಲನಿವಾಸಿ ರೋಗಿಗಳ ವಿಷಯದಲ್ಲಿ ನಡೆಯುವ ಜನಾಂಗೀಯ ತಾರತಮ್ಯವನ್ನು ತಡೆಯಲು ಒಂದು ಸಿಮ್ಯುಲೇಷನ್ ತರಬೇತಿಯನ್ನು, ಅಂದರೆ ನಿಜವಾದ ಸನ್ನಿವೇಶದಂತೆ ಅಭಿನಯಿಸಿ ಕಲಿಯುವ ತರಬೇತಿಯನ್ನು, ರೂಪಿಸುವ ಹೊಣೆ ನನಗೆ ಬಂದಿದೆ. 2008ರಲ್ಲಿ ವಿನ್ನಿಪೆಗ್‌ನಲ್ಲಿ ಮೂಲನಿವಾಸಿ ಬ್ರಯಾನ್ ಸಿಂಕ್ಲೇರ್ ಅವರು ತುರ್ತು ವಿಭಾಗದಲ್ಲಿ ಗಾಲಿಕುರ್ಚಿಯ ಮೇಲೆ 34 ಗಂಟೆ ಕಾದು, ಚಿಕಿತ್ಸೆಯಿಂದ ವಾಸಿಯಾಗಬಹುದಾಗಿದ್ದ ಮೂತ್ರಕೋಶದ ಸೋಂಕಿನಿಂದ ತೀರಿಕೊಂಡರು. ಆ ಪ್ರಕರಣವನ್ನೇ ಸನ್ನಿವೇಶವಾಗಿ ಬಳಸುವುದು ಸರಿಯೇ? ರೋಗಿಯ ಪಾತ್ರವನ್ನು ಮೂಲನಿವಾಸಿಯೊಬ್ಬರೇ ವಹಿಸಬೇಕೇ?

ಉತ್ತರ 1

ಸಿಂಕ್ಲೇರ್ ಅವರ ಸಾವನ್ನು ಇದ್ದಂತೆಯೇ ಅಭಿನಯಿಸಬೇಡಿ. ಅದು ಒಂದು ಕುಟುಂಬದ ದುಃಖ, ಅವರ ಒಪ್ಪಿಗೆಯಿಲ್ಲದೆ ಪಾಠದ ಸಾಮಗ್ರಿಯಾಗಬಾರದು. ಆದರೆ ಅದು ಹೇಗೆ ಸಂಭವಿಸಿತು ಎಂಬುದನ್ನು ಗಮನವಿಟ್ಟು ಓದಿ. ಕ್ಲಿನಿಕ್‌ನ ವೈದ್ಯರು ಬರೆದುಕೊಟ್ಟ ಪತ್ರ ಅವರ ಬಳಿ ಇತ್ತು, ಬಂದ ಕೂಡಲೇ ಟ್ರಯಾಜ್ (ಯಾರಿಗೆ ಮೊದಲು ಚಿಕಿತ್ಸೆ ಬೇಕೆಂದು ವಿಂಗಡಿಸುವ) ಸಿಬ್ಬಂದಿಯೊಡನೆ ಮಾತನಾಡಿಯೂ ಇದ್ದರು, ಆದರೂ ಅವರ ಹೆಸರು ನೋಂದಣಿಯಾಗಲಿಲ್ಲ. ಅವರು ವಾಂತಿ ಮಾಡಿಕೊಂಡರು, ಅಲ್ಲಿ ಕಾಯುತ್ತಿದ್ದ ಇತರರು ಸಿಬ್ಬಂದಿಯ ಗಮನಕ್ಕೂ ತಂದರು. ಅವರು ಕುಡಿದಿದ್ದಾರೆ ಅಥವಾ ನೆಲೆಯಿಲ್ಲದೆ ಆಸರೆಗಾಗಿ ಬಂದಿದ್ದಾರೆ ಎಂದು ಭಾವಿಸಿದ್ದಾಗಿ ಕೆಲವು ಸಿಬ್ಬಂದಿ ನಂತರದ ವಿಚಾರಣೆಯಲ್ಲಿ ಹೇಳಿದರು.

ನಿಮ್ಮ ಸನ್ನಿವೇಶದ ಕೇಂದ್ರ ಈ ಊಹೆಯೇ ಆಗಿರಲಿ. ಪಾಳಿ ಬದಲಾಗುವಾಗ ಸಹೋದ್ಯೋಗಿಯ ಪಾತ್ರಧಾರಿ "ಆತ ಕುಡಿದಿರಬೇಕು, ಮಲಗಿಕೊಳ್ಳಲಿ" ಎನ್ನಲಿ. ರಕ್ತದಲ್ಲಿ ಸಕ್ಕರೆ ಕುಸಿದಾಗ, ತಲೆಗೆ ಪೆಟ್ಟಾದಾಗ, ಸೋಂಕು ರಕ್ತಕ್ಕೆ ಹರಡಿದಾಗ ರೋಗಿಯು ಕುಡಿದವರಂತೆಯೇ ತೊದಲಬಹುದು, ತೂಗಡಿಸಬಹುದು. ಆದ್ದರಿಂದ "ಸಕ್ಕರೆ ನೋಡಿದ್ದೀರಾ? ಕೊನೆಯ ಬಾರಿ ನಾಡಿ, ರಕ್ತದೊತ್ತಡ ನೋಡಿದ್ದು ಯಾವಾಗ?" ಎಂದು ಅಲ್ಲೇ ಕೇಳುವುದು ಬಾಯಿಗೆ ರೂಢಿಯಾಗಬೇಕು. ಮೂಲನಿವಾಸಿಗಳ ಹಬ್ಬ, ಉಡುಪುಗಳ ಪರಿಚಯದಿಂದ ಈ ಪ್ರಶ್ನೆ ಹುಟ್ಟುವುದಿಲ್ಲ.

ಉತ್ತರ 2

ಸಿಮ್ಯುಲೇಷನ್ ಬೋಧನೆಯಲ್ಲಿ ತೊಡಗಿರುವವಳಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಸನ್ನಿವೇಶವನ್ನು ಬರೆಯುವಾಗಲೇ ಮೂಲನಿವಾಸಿ ಸಮುದಾಯದವರು ಜೊತೆಗಿರಬೇಕು, ಅವರ ಸಮಯಕ್ಕೆ ತಕ್ಕ ಸಂಭಾವನೆಯೂ ಸಿಗಬೇಕು. ಆದರೆ ಬದುಕಿನಲ್ಲಿ ಕೇಳಿಸಿಕೊಂಡ ಅವಮಾನವನ್ನೇ ಅವರು ತಂಡದಿಂದ ತಂಡಕ್ಕೆ ಮತ್ತೆ ಮತ್ತೆ ಕೇಳಬೇಕಾದರೆ ಅದು ತರಬೇತಿಯ ಹೆಸರಿನಲ್ಲಿ ಮಾಡುವ ಹಿಂಸೆ. ಆ ಮಾತುಗಳು ನರ್ಸ್‌ಗಳ ಮೇಜಿನ ಬಳಿ, ರೋಗಿಯ ಪಾತ್ರಧಾರಿಯಿಂದ ದೂರದಲ್ಲಿ ಬರುವಂತೆ ಯೋಜಿಸಬಹುದು.

ಅಭಿನಯದ ನಂತರದ ಚರ್ಚೆಗೆ ಹೆಚ್ಚು ಸಮಯವಿಡಿ. ಆರೈಕೆ ಸುರಕ್ಷಿತವಾಗಿತ್ತೇ ಎಂಬುದನ್ನು ಅದನ್ನು ಪಡೆದವರೇ ನಿರ್ಣಯಿಸಬೇಕೆಂಬ ವಿಚಾರವನ್ನು ನ್ಯೂಜಿಲೆಂಡ್‌ನ ಮಾವೋರಿ ನರ್ಸ್ ಇರಿಹಪೇಟಿ ರಾಮ್ಸ್‌ಡನ್ ಬೆಳೆಸಿದರು. ಹಾಗಾಗಿ ಚರ್ಚೆಯಲ್ಲಿ ಮೊದಲ ಮಾತು ರೋಗಿಯ ಪಾತ್ರಧಾರಿಯದಾಗಿರಲಿ.

ಉತ್ತರ 3

ತರಬೇತಿಗೆ ಹಿರಿಯ ವೈದ್ಯರನ್ನೂ ಬಿಡದೆ ಸೇರಿಸಿಕೊಳ್ಳಿ. 2020ರಲ್ಲಿ ಕ್ವಿಬೆಕ್‌ನ ಜೋಲಿಯೆಟ್ ಆಸ್ಪತ್ರೆಯಲ್ಲಿ ಅಟಿಕಮೆಕ್ ಸಮುದಾಯದ ಜಾಯ್ಸ್ ಎಶಕ್ವಾನ್ ಅವರು, ಏಳು ಮಕ್ಕಳ ತಾಯಿ, ಸಿಬ್ಬಂದಿಯ ನಿಂದನೆಯನ್ನು ಫೇಸ್‌ಬುಕ್‌ನಲ್ಲಿ ನೇರವಾಗಿ ಪ್ರಸಾರ ಮಾಡುತ್ತಿದ್ದರು. ಅದೇ ದಿನ ಅವರು ತೀರಿಕೊಂಡರು. ಆ ಸಾವಿಗೆ ಜನಾಂಗೀಯ ತಾರತಮ್ಯವೂ ಕಾರಣವಾಯಿತೆಂದು ಕೊರೋನರ್ (ಸಾವಿನ ಕಾರಣವನ್ನು ವಿಚಾರಣೆ ಮಾಡುವ ಅಧಿಕಾರಿ) ಗೆಹಾನ್ ಕಾಮೆಲ್ 2021ರ ವರದಿಯಲ್ಲಿ ಬರೆದರು. ಬ್ರಿಟಿಷ್ ಕೊಲಂಬಿಯಾದಲ್ಲಿ 2020ರ ಸಮೀಕ್ಷೆಗೆ ಉತ್ತರಿಸಿದ ಮೂಲನಿವಾಸಿಗಳಲ್ಲಿ 84 ಶೇಕಡಾ ಮಂದಿ ಆರೋಗ್ಯ ಸೇವೆಯಲ್ಲಿ ಒಂದಲ್ಲ ಒಂದು ಬಗೆಯ ತಾರತಮ್ಯವನ್ನು ಅನುಭವಿಸಿದ್ದಾಗಿ ಹೇಳಿದ್ದರು. ಸಮಸ್ಯೆ ಇಷ್ಟು ವ್ಯಾಪಕವಾಗಿರುವಾಗ, ಮೇಲಿನವರ ಮಾತನ್ನು ಕಿರಿಯ ನರ್ಸ್ ತಡೆದರೆ ಆಕೆಗೆ ಏನಾಗುತ್ತದೆ ಎಂಬುದನ್ನು ನಿಮ್ಮ ಆಡಳಿತ ಮೊದಲೇ ಲಿಖಿತವಾಗಿ ಸ್ಪಷ್ಟಪಡಿಸಬೇಕು. ತರಬೇತಿಯ ಫಲವನ್ನು ಅಳೆಯಲು, ಹಾಜರಾದವರು ತುಂಬಿದ ಪ್ರಶ್ನಾವಳಿ ಸಾಲದು. ಮೂಲನಿವಾಸಿ ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆ, ಚಿಕಿತ್ಸೆ ಪಡೆಯದೆಯೇ ಎಷ್ಟು ಮಂದಿ ಹೊರಟುಹೋಗುತ್ತಾರೆ ಎಂಬುದನ್ನು ಸಮುದಾಯದ ಒಪ್ಪಿಗೆಯೊಂದಿಗೆ ದಾಖಲಿಸಿ, ಆ ಅಂಕಿಅಂಶಗಳನ್ನು ಅವರ ಕೈಗೂ ಕೊಡಿ.