ಅಪ್‌ಡೇಟ್: ತೂಕದ ಯಂತ್ರದ ನೇಟಿವ್ ಡಿಎಲ್‌ಎಲ್ ಈಗ ಲೋಡ್ ಆಗುತ್ತಿದೆ

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದಕ್ಕೆ ನಾನು ಬರೆಯುತ್ತಿರುವ ಸಿ ಶಾರ್ಪ್ ತಂತ್ರಾಂಶವು, ತೂಕದ ಯಂತ್ರದ ಜೊತೆ ಬಂದ ಸಿ ಭಾಷೆಯ ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ಬಳಸುವ ಲೈಬ್ರರಿ ಕಡತ) ಅನ್ನು ಕರೆದಾಗಲೆಲ್ಲ 'ಬ್ಯಾಡ್ ಇಮೇಜ್ ಫಾರ್ಮ್ಯಾಟ್' ಎಂಬ ದೋಷ ತೋರಿಸುತ್ತಿದೆ ಎಂದು ಇಲ್ಲಿ ಕೇಳಿದ್ದೆ. ಆ ಡಿಎಲ್‌ಎಲ್ 32 ಬಿಟ್‌ನ ನೇಟಿವ್ ಕೋಡ್ (ಪ್ರೊಸೆಸರ್ ನೇರವಾಗಿ ಓಡಿಸುವ ಕೋಡ್) ಆಗಿರುವುದರಿಂದ 64 ಬಿಟ್ ಪ್ರೊಸೆಸ್‌ನೊಳಗೆ ಅದು ಲೋಡ್ ಆಗಲಾರದು. ಸಿ ಶಾರ್ಪ್‌ನಂಥ ಭಾಷೆಯಲ್ಲಿ ಬರೆದ ಮ್ಯಾನೇಜ್ಡ್ ಲೈಬ್ರರಿಯಲ್ಲಾದರೆ ಸಾಮಾನ್ಯವಾಗಿ ಮಧ್ಯಂತರ ಭಾಷೆಯ ಕೋಡ್ ಇದ್ದು, ಓಡುವ ಹೊತ್ತಿಗೆ ಜಿಟ್ ಕಂಪೈಲರ್ ಅದನ್ನು ಆಯಾ ಪ್ರೊಸೆಸರ್‌ಗೆ ತಕ್ಕಂತೆ ಪರಿವರ್ತಿಸುತ್ತದೆ. ಪ್ರಾಜೆಕ್ಟನ್ನು ಎಕ್ಸ್86ಕ್ಕೆ, ಅಂದರೆ 32 ಬಿಟ್‌ಗೆ, ಬದಲಿಸಿದೊಡನೆ ತೂಕ ಪರದೆಗೆ ಬಂತು.

ಇದಕ್ಕಿಂತಲೂ ಗಂಭೀರವಾದುದು ಮೆಮೊರಿಯ ವಿಚಾರ. ನೇಟಿವ್ ಕೋಡ್ ಪಡೆದುಕೊಂಡ ಮೆಮೊರಿಯನ್ನು ಗಾರ್ಬೇಜ್ ಕಲೆಕ್ಟರ್ (ಸಿ ಶಾರ್ಪ್‌ನಲ್ಲಿ ಬಳಕೆ ಮುಗಿದ ಮೆಮೊರಿಯನ್ನು ತಾನೇ ತೆರವು ಮಾಡುವ ವ್ಯವಸ್ಥೆ) ಬಿಡುಗಡೆ ಮಾಡುವುದಿಲ್ಲವಾದ್ದರಿಂದ, ದಿನವಿಡೀ ಚೀಲ ತೂಗುವ ಕಡೆ ಮೆಮೊರಿ ಬಳಕೆ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಯಂತ್ರದ ಹ್ಯಾಂಡಲನ್ನು (ಅದನ್ನು ಗುರುತಿಸಲು ಕೋಡ್ ಬಳಸುವ ಮೌಲ್ಯ) ಅದರ ಬಿಡುಗಡೆಯ ಹೊಣೆ ಹೊರುವ ಸೇಫ್‌ಹ್ಯಾಂಡಲ್‌ನಲ್ಲಿಟ್ಟು, ಡಿಎಲ್‌ಎಲ್‌ನ ಬಿಡುಗಡೆ ಫಂಕ್ಷನ್ ತಪ್ಪದೆ ಓಡುವಂತೆ ಮಾಡಿದ್ದೇನೆ. ಕಾಲಿಂಗ್ ಕನ್ವೆನ್ಷನ್ (ಫಂಕ್ಷನ್ ಕರೆಯುವಾಗ ಮೌಲ್ಯಗಳನ್ನು ದಾಟಿಸುವ ಕ್ರಮ) ಅನ್ನು ಸ್ಪಷ್ಟವಾಗಿ ಬರೆಯಲು ಸೂಚಿಸಿದ ಧಾರವಾಡದ ಗೆಳೆಯರಿಗೆ ಹೃತ್ಪೂರ್ವಕ ವಂದನೆಗಳು.