ವಿದೇಶದ ನಂಬರಿನಲ್ಲಿ ಸೊನ್ನೆ ಇಡಬೇಕಾ, ತೆಗೆಯಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು: ಗೃಹಪ್ರವೇಶಕ್ಕೆ ಕರೆಯಬೇಕಾದವರ ಪಟ್ಟಿ ಮಾಡುತ್ತಿದ್ದೇನೆ. ಲಂಡನ್, ರೋಮ್, ದುಬೈ, ಮೈಸೂರು ಎಲ್ಲ ಕಡೆ ನೆಂಟರಿದ್ದಾರೆ. ಒಬ್ಬೊಬ್ಬರ ನಂಬರೂ ಒಂದೊಂದು ಥರ. ಹೇಗೆ ಬರೆದಿಡಲಿ?

ರೋಮ್ ಸೊಸೆ: ಇಟಲಿಯ ಲ್ಯಾಂಡ್‌ಲೈನ್ ಸೊನ್ನೆ ಮುಟ್ಟಬೇಡಿ! 1998ರಿಂದ ಅದು ನಂಬರಿನದೇ ಭಾಗ. ಇಟಲಿಯ ಕೋಡು ಪ್ಲಸ್ 39 ಆದ ಮೇಲೂ ರೋಮಿಗೆ 06 ಒತ್ತಬೇಕು. ಮೊಬೈಲು ಮಾತ್ರ 3ರಿಂದ ಶುರು, ಅಲ್ಲಿ ಸೊನ್ನೆ ಇಲ್ಲ. ದಾವಣಗೆರೆಯ ಕೊರಿಯರ್ ಹುಡುಗ ತಾನೇ ಜಾಣ ಅಂತ ಸೊನ್ನೆ ತೆಗೆದ. ಇಲ್ಲಿ ತಲುಪಿಸುವವನಿಗೆ ಫೋನ್ ಸಿಗಲಿಲ್ಲ. ಅಮ್ಮ ಕಳಿಸಿದ ಡಬ್ಬ ವಾಪಸ್ ಹೋಯಿತು. ಕಳಿಸಲು 4,260 ರೂಪಾಯಿ, ವಾಪಸಿಗೆ 3,100. ಮಾವಿನಕಾಯಿ ಉಪ್ಪಿನಕಾಯಿ ಒಡೆದು ಚಕ್ಕುಲಿಯೆಲ್ಲ ಎಣ್ಣೆ.

ಲೀಡ್ಸ್ ರಾಯರು: ಸುಮ್ನೆ ಹೆದರಿಸಬೇಡಿ. ಇಟಲಿ ಒಂದು ಅಪವಾದ. ಬ್ರಿಟನ್ನಿಗೆ ಸೊನ್ನೆ ತೆಗೆಯಲೇಬೇಕು, 07 ಇದ್ದದ್ದು ಪ್ಲಸ್ 44 7 ಆಗುತ್ತದೆ. ನಾನು ಕಾರ್ಡಿನಲ್ಲಿ 44 ಆದ ಮೇಲೆ ಕಂಸದೊಳಗೆ ಸೊನ್ನೆ ಹಾಕಿಸಿದ್ದೆ. ಊರಿನವರೆಲ್ಲ ಅದನ್ನೂ ಒತ್ತಿದರು. 200 ಕಾರ್ಡು ಕಸಕ್ಕೆ, ಮತ್ತೆ ಮುದ್ರಿಸಲು 38 ಪೌಂಡು.

ರೋಮ್ ಸೊಸೆ: ಅಪವಾದಕ್ಕೆ ದುಡ್ಡು ಕೊಟ್ಟವಳು ನಾನು, ನೀವಲ್ಲ.

ಹಾಸನದ ಬೂತ್ ಮಾಮ: 13 ವರ್ಷ ಎಸ್‌ಟಿಡಿ ಬೂತ್ ಇಟ್ಟವನು ನಾನು. ಒಂದು ಸೊನ್ನೆ ಊರು ದಾಟಲು, ಎರಡು ಸೊನ್ನೆ ದೇಶ ದಾಟಲು. ಮೈಸೂರಿನ ಕೋಡು 821, ಮುಂದೆ ಏಳು ಅಂಕಿ. ಬೆಂಗಳೂರು 80, ಮುಂದೆ ಎಂಟು. ಕೋಡೂ ನಂಬರೂ ಕೂಡಿದರೆ ಹತ್ತೇ ಅಂಕಿ. ರಾತ್ರಿ ಕರೆಗೆ ಕಾಲು ಭಾಗದ ರೇಟು ಅಂತ ಕಾದು ಸಾಲು ನಿಲ್ಲುತ್ತಿದ್ದವರಿಗೆಲ್ಲ ಕೋಡು ಬಾಯಿಪಾಠ. ಈಗಿನವರಿಗೆ ಹೆಂಡತಿ ನಂಬರೂ ಗೊತ್ತಿಲ್ಲ.

ಲೀಡ್ಸ್ ರಾಯರು: ಮಾಮ, ಬೂತ್ ಕಾಲ ಮುಗಿಯಿತು. ಊರಲ್ಲಿ ಈಗ ಸೊನ್ನೆ ಯಾರು ಒತ್ತುತ್ತಾರೆ?

ಹಾಸನದ ಬೂತ್ ಮಾಮ: 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಸೊನ್ನೆ ಕಡ್ಡಾಯ ಸ್ವಾಮಿ. ಲೀಡ್ಸಿನಲ್ಲಿ ಕೂತರೆ ಇದು ಹೇಗೆ ಗೊತ್ತಾಗಬೇಕು?

ತುಮಕೂರು ತಮ್ಮ: ಸೊನ್ನೆ ಬಿಡಿ, ನನ್ನ ಕಥೆ ಕೇಳಿ. ಅಕ್ಕನ ಮದುವೆಗೆ 412 ನಂಬರು ಎಕ್ಸೆಲ್‌ಗೆ ಹಾಕಿದೆ. 91 ಸೇರಿಸಿದ್ದವೆಲ್ಲ 9.19ಇ+11 ಥರ ಆಗಿ ಕೂತವು, ಲ್ಯಾಂಡ್‌ಲೈನಿನ ಸೊನ್ನೆಗಳು ಮಾಯ. ನೋಡದೆ ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಫೈಲು) ಆಗಿ ಸೇವ್ ಮಾಡಿದೆ, ಅಂಕಿಗಳೇ ಹೋದವು. ಮೂರು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆ. ಮೊದಲು ಕಾಲಮ್ಮಿನ ಫಾರ್ಮ್ಯಾಟನ್ನು ಟೆಕ್ಸ್ಟ್ ಮಾಡಿಕೊಳ್ಳಿ.

ಲೀಡ್ಸ್ ರಾಯರು: ಪ್ಲಸ್ ಹಾಕಿ ಫೋನಿನಲ್ಲೇ ಸೇವ್ ಮಾಡಿದ್ದರೆ ಈ ಗೋಳೇ ಇರಲಿಲ್ಲ.

ತುಮಕೂರು ತಮ್ಮ: 412 ಜನರನ್ನು? ನೀವೇ ಬಂದು ಮಾಡಿ ಸಾರ್.

ಕೇಳಿದವರು: ದುಬೈ ನಂಬರ್ 05ರಿಂದ ಶುರುವಾಗುತ್ತದೆ. ಅದನ್ನು ಯಾರೂ ಹೇಳಲಿಲ್ಲವಲ್ಲ?

ಹಾಸನದ ಬೂತ್ ಮಾಮ: ತೆಗೆಯಿರಿ. ಪ್ಲಸ್ 971, ಆಮೇಲೆ 5. ರೋಮಿನ ತಾಯಿ, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ್ದರಾ?

ರೋಮ್ ಸೊಸೆ: ಗಾಜಿನ ಬಾಟಲಿಗೇ ಹಾಕಿದ್ದರು. ಅಮ್ಮನ ತಪ್ಪು ಹುಡುಕಬೇಡಿ.